ಗಾಳಿ ಹಂಚಿಕೊಳ್ಳೋಕೆ ಜನ ಬೇಕು

ಈಗಷ್ಟೇ ಜೋಗದವರೆಗೆ ಸೈಕಲ್ ತುಳಿದು ತಾಳಗುಪ್ಪ ಪೇಟೆಗೆ ವಾಪಸ್ ಬಂದೆ. ಚಾ ಬರೋದ್ರೊಳಗೆ ಬರೆದುಬಿಡ್ತೀನಿ.

ರೇಸ್ ಅಂದ್ರೆ ಕಾಲಿನ ಬಲ ಅಂತಲೇ ಮಲೆನಾಡಿನ ರಸ್ತೆ ನಮಗೆ ಕಲಿಸೋದು. ಏರು, ಇಳಿತ, ತಿರುವು, ಮತ್ತೆ ಏರು. ಒಬ್ಬರೇ ಹೋಗೋದು, ಒಬ್ಬರೇ ಬರೋದು. ಮೊನ್ನೆ ಬಯಲುಸೀಮೆಯಲ್ಲಿ ಮೊದಲ ಸಲ ಗುಂಪಿನಲ್ಲಿ ರೇಸ್ ಓಡಿಸಿದಾಗ ಗೊತ್ತಾಯ್ತು, ಅರ್ಧ ಆಟ ಗಾಳಿಯದ್ದು! ವೇಗ ಎರಡು ಪಟ್ಟಾದ್ರೆ ಗಾಳಿಯ ತಡೆ ನಾಲ್ಕು ಪಟ್ಟು. ಮುಂದಿನವರ ಚಕ್ರದ ಹಿಂದೆ ಅಂಟಿಕೊಂಡೇ ಹೋದ್ರೆ ಶ್ರಮ ಹೆಚ್ಚುಕಮ್ಮಿ ಕಾಲುಭಾಗ ಉಳಿಯುತ್ತೆ. ಮುಂದಿದ್ದವರು ಮೊಣಕೈ ಸಣ್ಣಗೆ ಅಲುಗಿಸಿದ್ರೆ 'ಈಗ ನಿನ್ನ ಸರದಿ, ಮುಂದೆ ಬಾ' ಅಂತ. ಪ್ರತಿಸ್ಪರ್ಧಿಗಳೇ ಒಬ್ಬರಿಗೊಬ್ಬರು ಗಾಳಿಗೆ ಅಡ್ಡ ನಿಲ್ಲೋ ಈ ಪದ್ಧತಿ ನಂಗೆ ತುಂಬಾ ಹಿಡಿಸ್ತು.

ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರೋದು ಹೇಗೆ ಅಂತ ಈಗ ಅರ್ಥ ಆಗ್ತಿದೆ. ವಿಜಯಪುರದಲ್ಲಿ ಸೈಕ್ಲಿಂಗಿಗೆ ಕ್ರೀಡಾ ವಸತಿ ನಿಲಯ ಇದೆ, ಕೋಚ್ ಇದ್ದಾರೆ, ಎಲ್ಲಕ್ಕಿಂತ ಮುಖ್ಯವಾಗಿ ದಿನಾ ಜೊತೆಗೆ ತುಳಿಯೋರಿದ್ದಾರೆ. ನಮ್ಮಲ್ಲಿ ಏರಿಗೆ ಬರವಿಲ್ಲ, ಜೊತೆಗೇ ಬರ.

ಸಾಗರ, ಹೊಸನಗರ, ಸಿದ್ದಾಪುರ ಕಡೆ ಯಾರಾದ್ರೂ ರೋಡ್ ಸೈಕಲ್ ಓಡಿಸೋರು ಇದೀರಾ? ಮಳೆ ನಿಂತು ರಸ್ತೆಯ ಪಾಚಿ ಒಣಗಿದ ಮೇಲೆ ಭಾನುವಾರ ಬೆಳಿಗ್ಗೆ ತಾಳಗುಪ್ಪ ರೈಲ್ವೆ ಸ್ಟೇಷನ್ ಹತ್ರ ಸೇರೋಣ. ಬರೋರು ಕಾಮೆಂಟ್‌ನಲ್ಲಿ ಹೇಳಿ. ಹೆಲ್ಮೆಟ್ ಕಡ್ಡಾಯ.