ಗಾಡಿ ಎಡಕ್ಕ ಎಳೀತೈತಿ

ಸುರೇಬಾನದ ಮಾಸ್ತರರ ಕಾರಿಗೆ ರಸ್ತೆಬದಿಯ ಜಾಲಿಗಿಡಗಳ ಮೇಲೆ ಇದ್ದಕ್ಕಿದ್ದಂತೆ ಮೋಹ ಹುಟ್ಟಿತು. ರಾಮದುರ್ಗದ ದಾರಿ ಹಿಡಿದು ಸ್ಟಿಯರಿಂಗ್ ಮೇಲಿನ ಹಿಡಿತ ತುಸು ಸಡಿಲಿಸಿದರೆ ಸಾಕು, ಅದು ಮೆಲ್ಲಗೆ ಎಡಕ್ಕೆ ಸರಿಯುತ್ತಿತ್ತು. ನಿವೃತ್ತಿಯ ಮೇಲೆ ಕೊಂಡ ಹಳೆಯ ಸಣ್ಣ ಕಾರು. ಶಬರಿಕೊಳ್ಳಕ್ಕೆ, ಗೊಡಚಿಯ ಜಾತ್ರೆಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಮನೆಮಂದಿಯನ್ನು ಹೊತ್ತು ತಿರುಗುವುದೇ ಅದರ ದುಡಿಮೆ. ಇಂಥ ಜಡ್ಡಿಗೆ ಊರಲ್ಲಿ ವೈದ್ಯರ ಬರವಿಲ್ಲ. ಚಹಾದಂಗಡಿಯ ಕಟ್ಟೆಯ ಮೇಲೆ ಒಬ್ಬರು ‘ಅಲೈನ್‌ಮೆಂಟ್ ಹೋಗೇತ್ರಿ’ ಎಂದರು. ಇನ್ನೊಬ್ಬರು ‘ಟಾಯರ್ ಸವದಾವು’ ಎಂದರು. ಮೂರನೆಯವರು ‘ಮಾರಿಬಿಡ್ರಿ ಸರ’ ಎಂದು ಒಂದೇ ಮಾತಿನಲ್ಲಿ ಔಷಧ ಬರೆದುಕೊಟ್ಟರು.

ಮಾಸ್ತರರಿಗೆ ಈ ಎಳೆತ ಹೊಸದಲ್ಲ. ಅವರು ಮೊದಲು ಹತ್ತಿದ್ದೇ ಎರಿಹೊಲದಿಂದ ಜೋಳದ ಕಣಕಿ ಹೇರಿಕೊಂಡು ಬರುತ್ತಿದ್ದ ತಂದೆಯ ಚಕ್ಕಡಿಯನ್ನು. ಜೋಡಿಯಲ್ಲಿ ಒಂದು ಗಟ್ಟಿ ಎತ್ತು, ಇನ್ನೊಂದು ಈಗಷ್ಟೇ ನೊಗಕ್ಕೆ ಬಿದ್ದ ಹೋರಿಯಾದರೆ ಚಕ್ಕಡಿ ಹೋರಿಯ ಕಡೆ ಹೊರಳುತ್ತದೆ. ಅದಕ್ಕೆ ತಂದೆ ನೊಗದ ನಡುಗಟ್ಟನ್ನು ಗಟ್ಟಿ ಎತ್ತಿನ ಕಡೆ ತುಸು ಸರಿಸಿ ಬಿಗಿಯುತ್ತಿದ್ದರು. ಗಟ್ಟಿ ಎತ್ತಿಗೆ ನೊಗ ಗಿಡ್ಡವಾಗಿ ಭಾರ ಹೆಚ್ಚಿತು, ಹೋರಿಗೆ ಉದ್ದವಾಗಿ ಭಾರ ತಗ್ಗಿತು, ಚಕ್ಕಡಿ ನೆಟ್ಟಗಾಯಿತು. ಸನ್ನೆಗೋಲಿನ ಈ ಲೆಕ್ಕವನ್ನೇ ಅವರು ಮುಂದೆ ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದರು. ಸಾಲಿಗೆ ಹೋಗಿಬರಲು ಕೊಂಡ ಚೇತಕ್ ಸ್ಕೂಟರಿನದು ಇನ್ನೊಂದು ಬಗೆ. ಅದರ ಎಂಜಿನ್ ಇರುವುದು ಬಲಮಗ್ಗುಲಲ್ಲಿ. ಹ್ಯಾಂಡಲ್ ಸಡಿಲ ಬಿಟ್ಟರೆ ಬಲಕ್ಕೆ ವಾಲುತ್ತದೆ. ಚೇತಕ್ ಓಡಿಸಿದ ಒಂದಿಡೀ ತಲೆಮಾರು ತನಗೆ ಗೊತ್ತಿಲ್ಲದಂತೆಯೇ ಸೀಟಿನ ಮೇಲೆ ತುಸು ಎಡಕ್ಕೆ ಸರಿದು ಕೂತು ಆ ತೂಕವನ್ನು ಸರಿದೂಗಿಸಿಕೊಂಡಿತು. ಗ್ಯಾರೇಜಿಗೆ ಯಾರೂ ಹೋಗಲಿಲ್ಲ.

ಕಾರಿನ ಎಳೆತಕ್ಕೆ ಮಾತ್ರ ಇಷ್ಟು ಸುಲಭದ ಉಪಾಯವಿಲ್ಲ, ಅದಕ್ಕೊಂದು ಚರಿತ್ರೆಯೇ ಇದೆ. ಕಬ್ಬಿನ ಹಂಗಾಮಿನಲ್ಲಿ ರಾಮದುರ್ಗ, ಬೈಲಹೊಂಗಲದ ರಸ್ತೆಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಹೋಗುವ ನಾಲ್ಕು ಗಾಲಿಯ ಟ್ರೇಲರನ್ನು ಒಮ್ಮೆ ಗಮನಿಸಬೇಕು. ತಿರುವಿನಲ್ಲಿ ಅದರ ಮುಂದಿನ ಅಚ್ಚು ಇಡಿಯಾಗಿ ಒಂದು ದುಂಡು ಚಕ್ರದ ಮೇಲೆ ಹೊರಳುತ್ತದೆ, ಎರಡೂ ಗಾಲಿ ಅಚ್ಚಿನ ಜೊತೆಗೇ ತಿರುಗುತ್ತವೆ. ಯುರೋಪಿನ ಕುದುರೆ ಸಾರೋಟುಗಳೂ ಹೀಗೆಯೇ ತಿರುಗುತ್ತಿದ್ದವು, ಅವಸರದಲ್ಲಿ ತಿರುಗಿಸಿದರೆ ಮಗುಚಿಯೂ ಬೀಳುತ್ತಿದ್ದವು. ಮ್ಯೂನಿಕ್‌ನಲ್ಲಿ ಸಾರೋಟು ಕಟ್ಟುತ್ತಿದ್ದ ಗೇಯಾರ್ಗ್ ಲಾಂಕೆನ್‌ಸ್ಪೆರ್ಗರ್ ಅಚ್ಚನ್ನು ಅಲುಗಾಡಿಸದೆ ಎರಡು ಗಾಲಿಗಳಿಗೂ ಬೇರೆಬೇರೆ ತಿರುಗಣಿ ಕೊಟ್ಟು, ನಡುವೆ ಸರಳು ಜೋಡಿಸಿದ. ತಿರುವಿನಲ್ಲಿ ಒಳಗಿನ ಗಾಲಿ ಸಣ್ಣ ಸುತ್ತು ಹಾಕಬೇಕು, ಆದ್ದರಿಂದ ಅದು ಹೆಚ್ಚು ತಿರುಗಬೇಕು. ಹೊರಗಿನದು ಕಡಿಮೆ ತಿರುಗಿದರೂ ನಡೆಯುತ್ತದೆ. ಅವನ ಪರವಾಗಿ ಲಂಡನ್ನಿನಲ್ಲಿ 1818ರಲ್ಲಿ ಪೇಟೆಂಟ್ ಮಾಡಿಸಿದವನು ಚಿತ್ರ, ಪುಸ್ತಕ ಮಾರುತ್ತಿದ್ದ ರುಡಾಲ್ಫ್ ಆಕರ್‌ಮನ್. ಕಟ್ಟಿದವನ ಹೆಸರು ಮರೆಯಾಯಿತು, ಅರ್ಜಿ ಹಾಕಿದವನದು ಉಳಿಯಿತು. ಇಂದಿಗೂ ಮೋಟಾರು ಓದುವ ಹುಡುಗರು ಕಲಿಯುವುದು ‘ಆಕರ್‌ಮನ್ ಸ್ಟಿಯರಿಂಗ್’. ಚಾರ್ಲ್ಸ್ ಡಾರ್ವಿನ್ನನ ಅಜ್ಜ ಎರಾಸ್ಮಸ್ ಡಾರ್ವಿನ್ ಹದಿನೆಂಟನೆಯ ಶತಮಾನದಲ್ಲೇ ಇಂಥದ್ದೊಂದನ್ನು ಯೋಚಿಸಿದ್ದ. ಅವನಿಗೂ ಹೆಸರು ದಕ್ಕಲಿಲ್ಲ.

ಗಾಲಿಗಳು ಹೀಗೆ ಅಚ್ಚಿನಿಂದ ಬೇರೆ ಸಂಸಾರ ಹೂಡಿದ ಮೇಲೆ ಎಡಕ್ಕೂ ಬಲಕ್ಕೂ ಮನಸ್ತಾಪ ಶುರುವಾಯಿತು. ಪ್ರತಿ ಮುಂಗಾಲಿಗೂ ಮೂರು ಓರೆಗಳಿವೆ. ಗಾಲಿಯ ನೆತ್ತಿ ಒಳಕ್ಕೋ ಹೊರಕ್ಕೋ ವಾಲಿದರೆ ಅದು ಕ್ಯಾಂಬರ್. ಗಾಲಿ ತಿರುಗುವ ತಿರುಗಣಿ ಹಿಂದಕ್ಕೆ ಒರಗಿದ್ದು ಕ್ಯಾಸ್ಟರ್; ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುವುದು ಇದರಿಂದ. ಎರಡು ಗಾಲಿಗಳ ಮೂತಿ ಒಂದನ್ನೊಂದು ನೋಡುತ್ತಿವೆಯೋ ಮೋರೆ ತಿರುಗಿಸಿವೆಯೋ ಎಂಬುದು ಟೋ. ಯಾವ ಕಡೆಯ ಗಾಲಿಯ ನೆತ್ತಿ ಹೆಚ್ಚು ಹೊರಕ್ಕೆ ವಾಲಿದೆಯೋ, ಯಾವ ಕಡೆ ಕ್ಯಾಸ್ಟರ್ ಕಡಿಮೆ ಇದೆಯೋ ಆ ಕಡೆಗೆ ಗಾಡಿ ಎಳೆಯುತ್ತದೆ. ಮುಂಗಾಲಿಗಳ ಟೋ ತಪ್ಪಿದರೆ ಸಾಮಾನ್ಯವಾಗಿ ಎಳೆತವಿರದು. ತಪ್ಪನ್ನು ಎರಡೂ ಗಾಲಿಗಳು ಹಂಚಿಕೊಂಡುಬಿಡುತ್ತವೆ. ಸ್ಟಿಯರಿಂಗ್ ಸೊಟ್ಟಗೆ ಕೂತು ಟೈರು ಬೇಗ ಸವೆಯುತ್ತದೆ, ಅಷ್ಟೆ.

ತಮಾಷೆ ಇರುವುದು ಇಲ್ಲಿಯೇ. ನಮ್ಮ ಬಹುಪಾಲು ಸಣ್ಣ ಕಾರುಗಳಲ್ಲಿ ಸ್ಪ್ಯಾನರ್ ಹಾಕಿ ಸರಿಪಡಿಸಲು ಬರುವುದು ಟೋ ಒಂದೇ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಿಂದ ಮನೆಮಾತಾದ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಮುಂಗಾಲಿಯ ಸಸ್ಪೆನ್ಷನ್ ಅಗ್ಗ, ಹಗುರ. ಆದರೆ ಅಂಥ ಕಾರುಗಳಲ್ಲಿ ಕ್ಯಾಂಬರ್, ಕ್ಯಾಸ್ಟರ್ ಹೆಚ್ಚಾಗಿ ಕಾರ್ಖಾನೆಯಲ್ಲಿ ಕೂತ ಹಾಗೇ ಕೂತಿರುತ್ತವೆ. ಅವು ಕೆಟ್ಟರೆ ಯಾವುದೋ ಭಾಗ ಬಾಗಿದೆ ಅಥವಾ ಬುಷ್ ಹರಿದಿದೆ ಎಂದೇ ಅರ್ಥ. ಅಲೈನ್‌ಮೆಂಟ್ ಅಂಗಡಿಯಿಂದ ಮಾಸ್ತರರು ತಂದ ಚೀಟಿಯಲ್ಲಿ ಎಲ್ಲ ಅಂಕಿಗಳೂ ಹಸಿರಾಗಿದ್ದವು. ಕಾರು ಮಾತ್ರ ಆ ಚೀಟಿಯನ್ನು ಓದಿರಲಿಲ್ಲ, ಮತ್ತೆ ಜಾಲಿಗಿಡದ ಕಡೆಗೇ ನಡೆಯಿತು.

ರಾಮದುರ್ಗದ ಮಿಸ್ತ್ರಿ ಮಾಸ್ತರರ ಹಳೆಯ ಶಿಷ್ಯ. ಬಾನೆಟ್ ಎತ್ತುವುದಿರಲಿ, ಎದ್ದು ನಿಲ್ಲುವ ಮೊದಲೇ ಅವನು ಕೇಳಿದ್ದು ಒಂದು ಪ್ರಶ್ನೆ: ‘ಸರ, ಬ್ರೇಕ್ ಹೊಡದಾಗ ಎಳೀತೈತೋ, ಸುಮ್ಮ ಹೊಂಟಾಗ ಎಳೀತೈತೋ?’ ಅರ್ಧ ರೋಗ ಈ ಪ್ರಶ್ನೆಯಲ್ಲೇ ಬಗೆಹರಿಯುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಬಲಗಡೆಯ ಬ್ರೇಕನ್ನು ಅನುಮಾನಿಸಬೇಕು. ಅದು ಹಿಡಿಯುತ್ತಿಲ್ಲ, ಎಡದ್ದೊಂದೇ ಹಿಡಿಯುತ್ತಿದೆ. ಬ್ರೇಕ್ ಬಿಟ್ಟ ಮೇಲೂ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಅಂಟಿಕೊಂಡಿದ್ದರೆ ಅಂಟಿದ ಕಡೆಗೇ ಎಳೆತ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿತ್ತಲ್ಲ, ಹಾಗೆ ನೀರಲ್ಲಿ ನಿಂತ ಗಾಡಿಗಳ ಕ್ಯಾಲಿಪರ್ ಪಿನ್ನುಗಳಿಗೆ ತುಕ್ಕು ಹಿಡಿದು ಈ ರೋಗ ಬರುತ್ತದೆ. ಪರೀಕ್ಷೆಗೆ ಯಂತ್ರ ಬೇಡ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಅಂಗೈಯ ಹಿಂಬದಿಯನ್ನು ಎರಡೂ ಮುಂಗಾಲಿಗಳ ಹತ್ತಿರ, ಮುಟ್ಟದಂತೆ ಹಿಡಿಯಬೇಕು. ಒಂದು ಬೆಚ್ಚಗಿದ್ದು ಇನ್ನೊಂದು ಒಲೆಯ ಹಾಗೆ ಝಳ ಬಿಟ್ಟರೆ ಕಳ್ಳ ಸಿಕ್ಕ.

ಮಾಸ್ತರರ ಕಾರಿನಲ್ಲಿ ಎರಡೂ ಸಮ ಬೆಚ್ಚಗಿದ್ದವು. ಗಾಳಿ ನೋಡಿದರು, ಅದೂ ಸಮ. ಗಾಳಿ ಕಡಿಮೆಯಿದ್ದ ಕಡೆಗೆ ಗಾಡಿ ಎಳೆಯುವುದು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ. ಮಿಸ್ತ್ರಿ ಟೈರಿನ ಮೇಲೆ ಅಂಗೈ ಅಡ್ಡಡ್ಡ ಸವರಿದ. ಒಳಗಿನಿಂದ ಹೊರಗೆ ನುಣುಪಾಗಿದ್ದು, ಹೊರಗಿನಿಂದ ಒಳಗೆ ಗರಗಸದ ಹಲ್ಲಿನಂತೆ ಕೈಗೆ ತಾಗಿದರೆ ಟೋ ಕೆಟ್ಟಿದೆ ಎನ್ನಬಹುದು. ಇಲ್ಲಿ ಹಲ್ಲುಗಳಿರಲಿಲ್ಲ. ಜ್ಯಾಕ್ ಹಚ್ಚಿ ಗಾಲಿ ಹಿಡಿದು ಅಲುಗಿಸಿದ, ಬಾಲ್ ಜಾಯಿಂಟ್, ಟೈರಾಡ್ ಎಂಡ್ ಗಟ್ಟಿಯಿದ್ದವು. ಲೋವರ್ ಆರ್ಮಿನ ಬುಷ್ಷೂ ಹರಿದಿರಲಿಲ್ಲ. ಕಡೆಗೆ ಮುಂದಿನ ಎರಡು ಗಾಲಿಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ‘ಈಗ ಒಂದ್ ಸುತ್ತ ಹೊಡದ ಬರ್ರಿ ಸರ’ ಎಂದ.

ಕಾರು ಬಲಕ್ಕೆ ಎಳೆಯಿತು.

ಅಂದರೆ ದೋಷ ಟೈರಿನದು. ರೇಡಿಯಲ್ ಟೈರಿನೊಳಗಿನ ಪಟ್ಟಿ ಕೂರುವಾಗ ಕೂದಲೆಳೆಯಷ್ಟು ಒಂದು ಕಡೆ ಸರಿದಿದ್ದರೆ ಟೈರು ನೇರ ಉರುಳುವ ಬದಲು ಬಟ್ಟಲು ಉರುಳಿದಂತೆ ಒಂದು ಮಗ್ಗುಲಿಗೆ ಹೋಗಲು ನೋಡುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಲೈನ್‌ಮೆಂಟ್ ಯಂತ್ರಕ್ಕೂ ಕಾಣುವುದಿಲ್ಲ, ಏಕೆಂದರೆ ಅದು ಅಳೆಯುವುದು ನಿಂತ ಗಾಡಿಯ ಓರೆಗಳನ್ನು. ಆ ಟೈರನ್ನು ಹಿಂದಕ್ಕೆ ಹಾಕಿದ ಮೇಲೆ ಎಳೆತ ಹೋಯಿತು. (ಟೈರಿನ ಮಗ್ಗುಲಲ್ಲಿ ಬಾಣದ ಗುರುತಿದ್ದರೆ ಎಡಬಲ ಅದಲುಬದಲು ಮಾಡಿ ಓಡಿಸುವಂತಿಲ್ಲ, ಒಂದೇ ಮಗ್ಗುಲಲ್ಲಿ ಹಿಂದುಮುಂದು ಮಾಡಬೇಕು.)

ಪೂರ್ತಿ ಹೋಯಿತೆ? ಒಂದು ಚೂರು ಎಡಕ್ಕೆ ಸರಿಯುವುದು ಉಳಿಯಿತು, ಅದು ಕಾರಿನ ತಪ್ಪಲ್ಲ. ಮಳೆನೀರು ಹರಿದುಹೋಗಲೆಂದು ಡಾಂಬರು ರಸ್ತೆಯನ್ನು ನಡುವೆ ಉಬ್ಬಿಸಿ, ಅಂಚಿಗೆ ಶೇ 2ರಿಂದ 2.5ರಷ್ಟು ಇಳಿಜಾರು ಬಿಟ್ಟಿರುತ್ತಾರೆ. ಎಡಗಡೆ ಓಡುವ ದೇಶದಲ್ಲಿ ಇಳಿಜಾರು ಸಾಮಾನ್ಯವಾಗಿ ಎಡಕ್ಕೇ. ಇದರ ಮೇಲೆ ನಮ್ಮ ಎರಿಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ, ರಸ್ತೆಯ ಅಂಚು ಮೊದಲು ಕುಸಿಯುತ್ತದೆ. ಹಳ್ಳಿಯ ಒಂಟಿ ರಸ್ತೆಯ ನಟ್ಟನಡುವೆ ಹೋಗುವಾಗ ನೆಟ್ಟಗಿದ್ದ ಕಾರು, ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ಅಂಚಿಗಿಳಿದ ಕೂಡಲೆ ಎಡಕ್ಕೆ ಜಾರುವುದು ಇದಕ್ಕೇ. ಸಂಶಯವಿದ್ದವರು ಜಾತ್ರೆಯ ಬಯಲಿನಂಥ ಮಟ್ಟಸ ಜಾಗದಲ್ಲಿ ಓಡಿಸಿ ನೋಡಬೇಕು. ಅಲ್ಲಿ ನೆಟ್ಟಗೆ ಹೋದರೆ ದುಡ್ಡು ಜೇಬಿನಲ್ಲೇ ಇರಲಿ.

ಸುಮ್ಮನೆ ಓಡುವಾಗಿನ ಸಣ್ಣ ಎಳೆತಕ್ಕೆ ಗಾಳಿ ನೋಡಿ, ಗಾಲಿ ಬದಲಿಸಿ, ನಾಲ್ಕು ದಿನ ತಡೆದು ಅಲೈನ್‌ಮೆಂಟಿಗೆ ಹೋದರೂ ನಡೆದೀತು. ಬ್ರೇಕ್ ಒತ್ತಿದಾಗ ಎಳೆಯುವ ಗಾಡಿಯನ್ನು ಮಾತ್ರ ಸಂತೆಗೂ ಒಯ್ಯಬೇಡಿ, ಗುಡ್ಡಕ್ಕೂ ಒಯ್ಯಬೇಡಿ. ಅದೇ ದಿನ ನಿಧಾನವಾಗಿ ಗ್ಯಾರೇಜಿಗೆ ಒಯ್ಯಿರಿ.