ಕಾರವಾರ-ಅಂಕೋಲೆಯ ಹಾದಿಯೂ ಮೊದಲ ಕಾರಿನ ಗಾಯನಯಂತ್ರವೂ

ಕಾರವಾರಕ್ಕೂ ಅಂಕೋಲೆಗೂ ಇರುವ ಅಂತರವು ಸುಮಾರು 35 ಕಿಲೋಮೀಟರುಗಳಷ್ಟೆ. ಆದರೆ ಇಷ್ಟು ಸಣ್ಣ ಹಾದಿಯಲ್ಲಿ ಇಷ್ಟೊಂದು ವೈವಿಧ್ಯವುಳ್ಳ ಪ್ರದೇಶವು ನಮ್ಮ ನಾಡಿನಲ್ಲಿ ವಿರಳ. ಒಂದು ಬದಿಗೆ ಸಹ್ಯಾದ್ರಿಯ ಕವಲುಗಳು ಸಮುದ್ರದ ತನಕ ಕಾಲು ಚಾಚಿಕೊಂಡಿವೆ; ಮತ್ತೊಂದು ಬದಿಗೆ ಅರಬೀ ಸಮುದ್ರವು ಬೆಟ್ಟಗಳ ಸಂದಿಯಿಂದ ಇಣಿಕುತ್ತದೆ. ಈ ಇಕ್ಕಟ್ಟಿನಲ್ಲಿಯೇ 66ನೆಯ ರಾಷ್ಟ್ರೀಯ ಹೆದ್ದಾರಿಯು ಸಾಗುವದು. ಬಿಣಗಾದ ಬಳಿಯ ಸುರಂಗ, ಅರಗೆಯ ನೌಕಾನೆಲೆ, ಅಮದಳ್ಳಿ, ಹಾರವಾಡ, ಅವರ್ಸೆ, ಹಟ್ಟಿಕೇರಿ ಇವೆಲ್ಲ ಒಂದಾದ ಮೇಲೊಂದು ಬರುತ್ತವೆ. ಟಾಗೋರರು 1883ರಲ್ಲಿ ಕಾರವಾರಕ್ಕೆ ಬಂದಾಗ ಅವರಿಗೆ ಇಪ್ಪತ್ತೆರಡರ ಪ್ರಾಯ. ಅವರ ಅಣ್ಣಂದಿರಾದ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಈ ಕಡಲ ದಂಡೆಯಲ್ಲಿಯೇ ಆ ತರುಣ ಕವಿಯು ತನ್ನದೊಂದು ನಾಟಕವನ್ನು ಬರೆದನೆಂಬದನ್ನು ಇಲ್ಲಿಯ ಜನರು ಇಂದಿಗೂ ಅಭಿಮಾನದಿಂದ ಹೇಳುವರು.

ಅದೇ ಇಪ್ಪತ್ತೆರಡರ ಪ್ರಾಯದ ನಮ್ಮ ತಮ್ಮನ ಮಗನು ದಿನಾಲು ಈ ಹಾದಿಯಲ್ಲಿ ಸಂಚರಿಸುವನು. ಮನೆ ಅಂಕೋಲೆಯಲ್ಲಿ, ಉದ್ಯೋಗ ಕಾರವಾರದಲ್ಲಿ. ಈ ವರ್ಷ ಅವನೊಂದು ಹಳೆಯ ಪುಟ್ಟ ಮಾರುತಿ ಕಾರನ್ನು ಕೊಂಡನು. ಕಾರಿನಲ್ಲಿದ್ದ ರೇಡಿಯೋ ಕೆಟ್ಟುಹೋಗಿತ್ತು. ಕೈಯಲ್ಲಿ ಉಳಿದ 20,000 ರೂಪಾಯಿಗಳನ್ನೆಲ್ಲ ಗಾಯನಯಂತ್ರಕ್ಕೆ ಸುರಿಯಬೇಕೆಂದು ಮಗನ ಹಟ. ಅಂಥದೊಂದು ಕಾರಿನೊಳಗೆ ಇರಲೇಕೂಡದೆಂದು ತಾಯಿಯ ಹಟ. “ಭಾವನವರೇ, ಇವನ ಕಿವಿ ರಸ್ತೆಯ ಮೇಲಿರಬೇಕು, ಹಾಡಿನ ಮೇಲಲ್ಲ. ನೀವೇ ಬುದ್ಧಿ ಹೇಳಿರಿ” ಎಂದು ಅವಳು ನಮಗೆ ಹೇಳಿ ಕಳಿಸಿದಳು.

ತಾಯಿಯ ಅಂಜಿಕೆಯು ನಿರಾಧಾರವಾದುದಲ್ಲ. 2024ನೆಯ ಇಸವಿಯ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು ಇದೇ ಹೆದ್ದಾರಿಯ ಮೇಲೆ ಬಿತ್ತು. ರಸ್ತೆಯ ಬದಿಯ ಚಹದ ಅಂಗಡಿಯೂ ಅಲ್ಲಿ ನಿಂತ ವಾಹನಗಳೂ ಗಂಗಾವಳಿಯ ಪಾಲಾದವು; ಒಂದು ಲಾರಿಯು ನದಿಯ ತಳದಿಂದ ಮೇಲಕ್ಕೆ ಬಂದುದು ಸಪ್ಟೆಂಬರ ತಿಂಗಳಿನಲ್ಲಿ. ಅದರ ನೋವು ಆರುವ ಮೊದಲೇ ಅಗಸ್ಟ 7ರ ನಡುರಾತ್ರಿ ಕಾರವಾರದ ಕಾಳೀ ನದಿಯ ಹಳೆಯ ಸೇತುವೆಯು ಮುರಿದುಬಿತ್ತು. ಹೀಗಿರಲು ಮಗನು ಮನೆಗೆ ಬರುವದು ಅರ್ಧ ತಾಸು ತಡವಾದರೂ ತಾಯಿಯು ಬಾಗಿಲಿಗೆ ಬಂದು ನಿಲ್ಲುವದರಲ್ಲಿ ಆಶ್ಚರ್ಯವೇನು? ಇತ್ತ ಮಗನ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ದಿನಕ್ಕೆ ಎರಡು ಸಲ ಒಂಟಿಯಾಗಿ ಕಾರು ನಡೆಸುವವನಿಗೆ ಒಂದಿಷ್ಟು ಸಂಗೀತವು ಸಂಗಾತಿ. ಮಳೆಗಾಲದಲ್ಲಿ ರೇಡಿಯೋದ ವಾರ್ತೆಯು ಎಚ್ಚರಿಕೆಯ ಮಾತು. ಆದುದರಿಂದ ಬೇಡವೆನ್ನುವದಕ್ಕಿಂತ ಎಂಥದು, ಎಷ್ಟು ಎಂಬದನ್ನು ನಿರ್ಣಯಿಸುವದೇ ಲೇಸೆಂದು ನಮಗೆ ತೋರಿತು.

ಮೊದಲು ನಾವು ಕಾರನ್ನೊಮ್ಮೆ ಸುತ್ತಿ ನೋಡಿದೆವು. ಮುಂದಿನ ಎರಡೂ ಟಾಯರುಗಳು ಸವೆದಿದ್ದವು. ಟಾಯರಿನ ಗೆರೆಗಳ ಆಳವು 1.6 ಮಿಲ್ಲಿಮೀಟರಿಗಿಂತ ಕಡಿಮೆಯಾದರೆ ಅದನ್ನು ಬಳಸಕೂಡದೆಂದು ಕಾನೂನೇ ಇದೆ. ವರ್ಷಕ್ಕೆ ಸುಮಾರು 3000 ಮಿಲ್ಲಿಮೀಟರು ಮಳೆ ಬೀಳುವ ಈ ಪ್ರದೇಶದಲ್ಲಿ ನುಣ್ಣಗಾದ ಟಾಯರು ನೀರಿನ ಮೇಲೆ ಜಾರುವದು. “ತಮ್ಮಾ, ಮೊದಲು ಕಾರು ನಿಲ್ಲಲಿ, ಆಮೇಲೆ ಹಾಡಲಿ” ಎಂದು ಹೇಳಿದೆವು. ಅವನು ಮೋರೆ ಸಣ್ಣದು ಮಾಡಿದನಾದರೂ ಒಪ್ಪಿದನು. ಟಾಯರುಗಳಿಗೆ 8,000 ಹೋಗಿ 12,000 ಉಳಿಯಿತು. ಈ ಹಣವನ್ನು ಕಿಸೆಯಲ್ಲಿಟ್ಟುಕೊಂಡು ನಾವಿಬ್ಬರೂ ಒಂದು ರವಿವಾರ ಮುಂಜಾನೆ ಕಾರವಾರದ ಅಂಗಡಿಯೊಂದಕ್ಕೆ ಹೋದೆವು.

ಅಂಗಡಿಕಾರನು ಸಜ್ಜನನು, ಆದರೆ ವ್ಯಾಪಾರಿ. ಒಳಗೆ ಕಾಲಿಟ್ಟೊಡನೆ ಒಂದು ದೊಡ್ಡ ಸಬ್‌ವೂಫರನ್ನು ಗರ್ಜಿಸಲು ಹಚ್ಚಿದನು. “ಮಾಸ್ತರರೇ, ಇದನ್ನು ಹಾಕಿಸಿದರೆ ಕಾರಿನ ಗಾಜೆಲ್ಲ ನಡುಗಬೇಕು ನೋಡಿರಿ” ಎಂದನು. ಗಾಜು ನಡುಗುವದು ಸಂಗೀತದ ಲಕ್ಷಣವೆಂದು ಯಾವ ಶಾಸ್ತ್ರದಲ್ಲಿಯೂ ನಾವು ಓದಲಿಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ನಾದಕ್ಕೆ ಮಂದ್ರ, ಮಧ್ಯ, ತಾರವೆಂದು ಮೂರು ಸ್ಥಾನಗಳನ್ನು ಹೇಳಿರುವನು. ಮಂದ್ರಕ್ಕೆ ಹೃದಯ, ಮಧ್ಯಕ್ಕೆ ಕಂಠ, ತಾರಕ್ಕೆ ಶಿರಸ್ಸು ಸ್ಥಾನ. ಇಂದಿನ ಸ್ಪೀಕರುಗಳನ್ನೂ ಈ ದೃಷ್ಟಿಯಿಂದಲೇ ತಿಳಿದುಕೊಳ್ಳಬಹುದು. ದೊಡ್ಡ ತಟ್ಟೆಯು ಮಂದ್ರವನ್ನೂ ಮಧ್ಯವನ್ನೂ ನುಡಿಸುವದು. ಟ್ವೀಟರೆಂಬ ಪುಟ್ಟ ತಟ್ಟೆಯು ತಾರವನ್ನು ನುಡಿಸುವದು. ಎರಡೂ ಒಂದೇ ಚೌಕಟ್ಟಿನಲ್ಲಿದ್ದರೆ ಅದನ್ನು ಕೋಯಾಕ್ಸಿಯಲ್ ಎನ್ನುವರು. ಬೇರೆ ಬೇರೆಯಾಗಿದ್ದರೆ ಕಾಂಪೊನೆಂಟ್ ಎನ್ನುವರು. ಎರಡನೆಯದು ಸಾಮಾನ್ಯವಾಗಿ ಇಂಪಾದುದು, ಆದರೆ ಬೆಲೆಯೂ ಜೋಡಿಸುವ ಕೆಲಸವೂ ಹೆಚ್ಚು. ಅಲ್ಪ ಹಣವುಳ್ಳವರಿಗೆ ಮೊದಲನೆಯದೇ ಸಾಕು.

ಇನ್ನು ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳ ವಿಚಾರ. ರೇಡಿಯೋದ ಮೇಲೆ 50 ವಾಟು, ನಾಲ್ಕು ಪಟ್ಟು ಎಂದು ದಪ್ಪಕ್ಷರಗಳಲ್ಲಿ ಬರೆದಿರುವರು. ವಾಚಕರು ಇದಕ್ಕೆ ಮರುಳಾಗಬಾರದು. ಕಾರು ನಡೆಯುತ್ತಿರುವಾಗ ಅದರ ವಿದ್ಯುತ್ತಿನ ಒತ್ತಡವು ಸುಮಾರು 14 ವೋಲ್ಟು. 4 ಓಮಿನ ಸ್ಪೀಕರಿಗೆ ಇಷ್ಟರಿಂದ ಸಿಕ್ಕುವ ನಿರ್ಮಲವಾದ ಶಕ್ತಿಯು ಒಂದೊಂದಕ್ಕೆ 20 ವಾಟಿನ ಆಸುಪಾಸು ಮಾತ್ರ. 50 ಎಂಬದು ಕ್ಷಣಮಾತ್ರದ ಉಬ್ಬರ. ಒಂದೇ ಸಮನೆ ನಡೆಯುವ ಶಕ್ತಿಗೆ ಆರ್‌ಎಮ್‌ಎಸ್ ಎಂಬ ಹೆಸರುಂಟು, ಕೇಳಬೇಕಾದುದು ಅದನ್ನೇ. ಅದಕ್ಕಿಂತಲೂ ಮುಖ್ಯವಾದುದು ಸ್ಪೀಕರಿನ ಸಂವೇದನೆ. ಇದನ್ನು ಡೆಸಿಬೆಲ್‌ಗಳಲ್ಲಿ ಹೇಳುವರು. ಮೂರು ಡೆಸಿಬೆಲ್ ಹೆಚ್ಚಾದರೆ ಶಕ್ತಿಯನ್ನು ಇಮ್ಮಡಿಸಿದಂತೆ. ಅಂದರೆ 92 ಡೆಸಿಬೆಲ್ಲಿನ ಸ್ಪೀಕರು 20 ವಾಟಿನಲ್ಲಿ ಹಾಡುವಷ್ಟನ್ನು 89ರ ಸ್ಪೀಕರು ಹಾಡಬೇಕಾದರೆ 40 ವಾಟು ಬೇಕು. ಬೇರೆ ಆಂಪ್ಲಿಫಾಯರು ಕೊಳ್ಳಲಾರದವನು ಸಂವೇದನೆ ಹೆಚ್ಚಿದ್ದ ಸ್ಪೀಕರನ್ನು ಆರಿಸಿದರೆ ಹಣವೇ ಉಳಿದಂತಾಯಿತು.

ಪರೀಕ್ಷೆಗಾಗಿ ಅಂಗಡಿಯವರು ನುಡಿಸುವ ಹಾಡನ್ನು ನಂಬಬಾರದು. ಅದನ್ನು ಅವರು ತಮ್ಮ ಸರಕಿಗೆ ಒಪ್ಪುವಂತೆ ಆರಿಸಿರುತ್ತಾರೆ. ನಾವು ಒಂದು ಪುಟ್ಟ ಯುಎಸ್‌ಬಿ ಕಡ್ಡಿಯಲ್ಲಿ ಮಲ್ಲಿಕಾರ್ಜುನ ಮನಸೂರರ ಗಾಯನವನ್ನೂ ಒಂದು ಯಕ್ಷಗಾನ ಪ್ರಸಂಗವನ್ನೂ ತುಂಬಿಕೊಂಡು ಹೋಗಿದ್ದೆವು. ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಕೇಳುವವೇ? ಚಂಡೆಯ ಪೆಟ್ಟು ಕಿವಿಗೆ ಚುಚ್ಚದೆ ಗಣಿಲೆಂದು ಬರುವದೇ? ಮದ್ದಳೆಯ ಗುಮುಕು ಭಾಗವತರ ಮಾತನ್ನು ನುಂಗದೆ ಇರುವದೇ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಐದು ಜೋಡಿ ಸ್ಪೀಕರುಗಳನ್ನು ಕೇಳಿದೆವು. ಎಲ್ಲಕ್ಕೂ ತುಟ್ಟಿಯಾದ ಜೋಡಿಯು ಮೂರನೆಯ ಪ್ರಶ್ನೆಯಲ್ಲಿ ಸೋತಿತು. ಹುಡುಗನು ತಾನಾಗಿಯೇ, “ದೊಡ್ಡಪ್ಪಾ, ಇದರಲ್ಲಿ ಪದ್ಯವೇ ತಿಳಿಯುವದಿಲ್ಲ” ಎಂದಾಗ ನಮಗೆ ಸಂತೋಷವಾಯಿತು.

ಕರಾವಳಿಯವರು ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು. 1930ರಲ್ಲಿ ಯಾವ ಉಪ್ಪಿಗಾಗಿ ಅಂಕೋಲೆಯ ಜನರು ಸತ್ಯಾಗ್ರಹ ಹೂಡಿ ಸೆರೆಮನೆ ಸೇರಿದರೋ, ಅದೇ ಉಪ್ಪು ಇಲ್ಲಿಯ ಗಾಳಿಯಲ್ಲಿ ಸೇರಿಕೊಂಡು ತಂತಿಯ ತುದಿಗಳನ್ನು ತಿನ್ನುವದು. ಮಳೆಯ ನೀರು ಕಿಟಕಿಯ ಗಾಜಿನಗುಂಟ ಬಾಗಿಲಿನ ಒಳಕ್ಕೆ ಇಳಿಯುವದು ಸಹಜ. ಆದುದರಿಂದ ಕಾಗದದ ತಟ್ಟೆಗಿಂತ ಪಾಲಿಪ್ರೊಪಿಲೀನಿನ ತಟ್ಟೆಯು ಇಲ್ಲಿ ಬಾಳಿಕೆಯುಳ್ಳದ್ದು. ಸ್ಪೀಕರಿನ ಮೇಲ್ಗಡೆಗೆ ನೀರು ತಡೆಯುವ ಒಂದು ಸಣ್ಣ ಮರೆಯನ್ನು ಕಟ್ಟಿಸಬೇಕು. ಬಾಗಿಲಿನ ತೂತಿನ ಅಗಲವನ್ನೂ ಆಳವನ್ನೂ ಮೊದಲೇ ಅಳೆಯಬೇಕು. ಇಲ್ಲವಾದರೆ ಗಾಜನ್ನು ಇಳಿಸಿದಾಗ ಅದು ಸ್ಪೀಕರಿನ ಅಯಸ್ಕಾಂತಕ್ಕೆ ತಾಗುವದು. ಕಾರಿನ ಮೂಲ ತಂತಿಗಳನ್ನು ಕತ್ತರಿಸಗೊಡದೆ ಕಪ್ಲರಿನಿಂದಲೇ ಜೋಡಿಸಬೇಕು.

ಬಾಗಿಲಿನ ವಿಷಯದಲ್ಲಿ ಒಂದು ರಹಸ್ಯವುಂಟು. ಸ್ಪೀಕರಿನ ತಟ್ಟೆಯು ಮುಂದಕ್ಕೆ ಎಬ್ಬಿಸಿದ ಅಲೆಗೆ ವಿರುದ್ಧವಾದ ಅಲೆಯನ್ನು ಹಿಂದಕ್ಕೂ ಎಬ್ಬಿಸುವದು. ಬಾಗಿಲಿನ ಒಳತಗಡಿನ ತೂತುಗಳು ತೆರೆದಿದ್ದರೆ ಹಿಂದಿನ ಅಲೆಯು ಸುತ್ತಿ ಬಂದು ಮುಂದಿನದನ್ನು ಅಳಿಸಿಬಿಡುವದು; ಮಂದ್ರವು ಮಾಯವಾಗುವದು. ಆ ತೂತುಗಳನ್ನು ಮುಚ್ಚಿ, ತಗಡು ನಡುಗದಂತೆ ಡಾಂಬರಿನಂಥ ಹಾಳೆಯನ್ನು ಅಂಟಿಸಿದರೆ ಅಗ್ಗದ ಸ್ಪೀಕರೂ ಗಂಭೀರವಾಗಿ ನುಡಿಯುವದು. ಸಬ್‌ವೂಫರಿಗೆ ಕೊಡುವ ಹಣದ ಕಾಲುಭಾಗವನ್ನು ಇದಕ್ಕೆ ಕೊಟ್ಟರೆ ತೃಪ್ತಿಯು ದೊರೆಯುವದು.

ಕೊನೆಗೆ ಆದ ಲೆಕ್ಕವಿದು. ಬ್ಲೂಟೂತ್, ಯುಎಸ್‌ಬಿ, ರೇಡಿಯೋಗಳುಳ್ಳ, ದೊಡ್ಡ ಪರದೆಯಿಲ್ಲದ ಒಂದು ಯಂತ್ರಕ್ಕೆ 4,200. ಮುಂದಿನ ಬಾಗಿಲುಗಳಿಗೆ ಆರೂವರೆ ಇಂಚಿನ ಒಂದು ಜೋಡಿ ಸ್ಪೀಕರುಗಳಿಗೆ 2,800. ಬಾಗಿಲುಗಳ ಹಾಳೆಗೆ 1,500. ಕಪ್ಲರಿಗೂ ಕೂಲಿಗೂ 1,200. ಒಟ್ಟು 9,700 ರೂಪಾಯಿ. ಹಿಂದಿನ ಸ್ಪೀಕರುಗಳನ್ನು ಬಿಟ್ಟೆವು. ನಡೆಸುವವನು ಕೂಡ್ರುವದು ಮುಂದಲ್ಲವೇ? ಪರದೆಯನ್ನು ಬಿಟ್ಟುದಕ್ಕೆ ಕಾರಣ ಬೇರೆ. ಕಣ್ಣಿಗೆ ರಸ್ತೆಯೊಂದೇ ಸಾಕಷ್ಟು ಕೆಲಸ. ಉಳಿದ 2,300 ರೂಪಾಯಿಗಳನ್ನು ಹುಡುಗನು ತಾಯಿಯ ಕೈಗೆ ಕೊಟ್ಟನು.

ಮಧ್ಯಾಹ್ನದ ಮೇಲೆ ಕಾರವಾರವನ್ನು ಬಿಟ್ಟೆವು. ಕಾರವಾರದ ಆಕಾಶವಾಣಿಯು 102.3ರಲ್ಲಿ ನಿರ್ಮಲವಾಗಿ ಕೇಳುತ್ತಿತ್ತು. ಸುರಂಗವನ್ನು ಹೊಕ್ಕೊಡನೆ ಅದು ಗೊರಗೊರನೆ ಸದ್ದು ಮಾಡಿತು. ಎಫ್‌ಎಮ್ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುವದರಿಂದ ಬೆಟ್ಟದ ಮರೆಯಲ್ಲಿ ಅವು ಸಪ್ಪಗಾಗುವವು. ಇದು ಯಂತ್ರದ ದೋಷವಲ್ಲ. ಅರಗೆಯಲ್ಲಿ ಎಡಬಲಕ್ಕೆ ನೌಕಾನೆಲೆಯ ಗೋಡೆ. 2005ರಲ್ಲಿ ಕದಂಬ ನೌಕಾನೆಲೆಯು ಸ್ಥಾಪಿತವಾಯಿತು. ಅದಕ್ಕಾಗಿ ಮನೆಮಾರುಗಳನ್ನು ಬಿಟ್ಟುಕೊಟ್ಟ ಕುಟುಂಬಗಳು ಈ ತಾಲೂಕುಗಳಲ್ಲಿ ಸಾವಿರಾರು. ಅವರ್ಸೆಯನ್ನು ದಾಟಿದ ಮೇಲೆ ಹುಡುಗನು ಹಾಲಕ್ಕಿ ಹಾಡೊಂದನ್ನು ಹಚ್ಚಿದನು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರ ಕಂಠ. 2017ರಲ್ಲಿ ಪದ್ಮಶ್ರೀ ಪಡೆದ ಆ ತಾಯಿಯು 2025ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಯಾವ ವಾದ್ಯದ ಆಡಂಬರವೂ ಇಲ್ಲದ ಆ ಒಂದು ಕಂಠವು ಕಾರಿನ ತುಂಬ ನಿಂತುಕೊಂಡಿತು. ಯಂತ್ರದ ಪರೀಕ್ಷೆಯು ಅಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು.

ಆದರೆ ತಾಯಿಯ ಪ್ರಶ್ನೆಗೆ ಉತ್ತರವು ಬಾಕಿಯಿತ್ತು. ಅಂಕೋಲೆಯ ಹೊರಗೆ ಒಂದು ಬಯಲಿನಲ್ಲಿ ಕಾರನ್ನು ನಿಲ್ಲಿಸಿದೆವು. ಗಾಜುಗಳನ್ನು ಏರಿಸಿ, ಎಂಜಿನ್ನನ್ನೂ ತಂಪುಗಾಳಿಯ ಪಂಖವನ್ನೂ ನಡೆಸಿ, ನಾವಿಬ್ಬರೂ ಒಳಗೆ ಕುಳಿತೆವು. ನಮ್ಮ ತಮ್ಮನು ಐವತ್ತು ಹೆಜ್ಜೆ ಹಿಂದೆ ಸ್ಕೂಟರಿನಲ್ಲಿ ನಿಂತು ಆಗಾಗ ಹಾರ್ನು ಬಾರಿಸತೊಡಗಿದನು. ಹುಡುಗನು ಹಾಡಿನ ಗಟ್ಟಿಯನ್ನು ಒಂದೊಂದೇ ಅಂಕೆ ಏರಿಸುತ್ತ ಹೋದನು. 16ರ ತನಕ ಹಾರ್ನು ಸ್ಪಷ್ಟ, 19ಕ್ಕೆ ಸಂಶಯ, 22ಕ್ಕೆ ತಂದೆಯು ಕೈ ಬೀಸುವದು ಕನ್ನಡಿಯಲ್ಲಿ ಕಾಣುತ್ತಿತ್ತು, ಹಾರ್ನು ಮಾತ್ರ ಕೇಳಲೇ ಇಲ್ಲ. ಹುಡುಗನ ಮುಖವು ಗಂಭೀರವಾಯಿತು. “ಅಪ್ಪ ಬಾರಿಸುತ್ತಲೇ ಇದ್ದಾರಲ್ಲ!” ಎಂದು ಮೆಲ್ಲಗೆ ಹೇಳಿ, ಯಂತ್ರದ ಬದಿಗೆ ಒಂದು ಚೀಟಿ ಅಂಟಿಸಿ, ಅದರ ಮೇಲೆ 15 ಎಂದು ತಾನೇ ಬರೆದನು. ವೇಗವು ಹೆಚ್ಚಿದಂತೆ ರಸ್ತೆಯ ಸದ್ದೂ ಹೆಚ್ಚುವದು. ಆಗ ಗಟ್ಟಿಯನ್ನು ಏರಿಸಲು ಕೈ ತಾನಾಗಿಯೇ ಹೋಗುವದು. ಆ ಚೀಟಿಯ ಪ್ರಯೋಜನವು ಅಲ್ಲಿಯೇ.

ಕಿವಿಯ ಆರೋಗ್ಯಕ್ಕೂ ಇದು ಹಿತವೇ. 80 ಡೆಸಿಬೆಲ್ ಗಟ್ಟಿಯ ಶಬ್ದವನ್ನು ವಾರಕ್ಕೆ 40 ತಾಸು ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. 90 ಆದರೆ 4 ತಾಸು ಮಾತ್ರ. ಹಾಡನ್ನು ಹೊರಡುವ ಮೊದಲೇ ಆರಿಸಿಡಬೇಕು. ನಡೆಸುವಾಗ ಫೋನನ್ನು ಕೈಯಲ್ಲಿ ಹಿಡಿಯುವದು ಮೋಟಾರು ವಾಹನ ಕಾಯಿದೆಯಂತೆ ಅಪರಾಧವೂ ಹೌದು.

ತಾಯಿಯು ಚೀಟಿಯನ್ನು ನೋಡಿದಳು, ಏನೂ ಅನ್ನಲಿಲ್ಲ. ಮರುದಿನ ಮಗನೊಡನೆ ಕುಳಿತು ಶಿರೂರಿನ ತನಕ ಹೋಗಿಬಂದಳು. ಕುಸಿದ ಗುಡ್ಡದ ಕೆಂಪು ಮೈ ಕಂಡೊಡನೆ ಅವನು ಹೇಳಿಸಿಕೊಳ್ಳದೆಯೇ ಯಂತ್ರವನ್ನು ನಿಲ್ಲಿಸಿ ಗಾಜನ್ನು ಇಳಿಸಿದನೆಂದು ಅವಳು ನಮ್ಮ ಮುಂದೆ ಹೇಳಿದಳು. ಮಳೆಯ ದಿನಗಳಲ್ಲಿ ಗುಡ್ಡದ ಕೆಳಗೆ ಹಾಗೆಯೇ ಮಾಡುವದೆಂದು ಇಬ್ಬರಲ್ಲಿಯೂ ಈಗ ಕರಾರಾಗಿದೆ.

ಈ ಹಾದಿಯನ್ನು ಕಾಣಬಯಸುವ ವಾಚಕರಿಗೆ ನಮ್ಮದೊಂದು ಬಿನ್ನಹ. ಮಳೆ ನಿಂತ ಮೇಲೆ, ಮಾರ್ಗಶೀರ್ಷದ ಮುಂಜಾನೆಗಳಲ್ಲಿ ಬನ್ನಿರಿ. ಮಕ್ಕಳು ಕಾರಿನಲ್ಲಿ ಹಾಡು ಕೇಳುವದಕ್ಕೆ ಅಡ್ಡಿಪಡಿಸಬೇಡಿರಿ. ಹೊರಡುವ ಮೊದಲು ಮನೆಯ ಅಂಗಳದಲ್ಲಿಯೇ ಹಿಂದೆ ನಿಂತು ಒಮ್ಮೆ ಹಾರ್ನು ಬಾರಿಸಿ, ಅವರಿಗೆ ಕೇಳುವದೋ ಇಲ್ಲವೋ ನೋಡಿರಿ. ಅದಕ್ಕೆ ಒಂದು ಕಾಸೂ ಖರ್ಚಿಲ್ಲ.