ಕೊಟೇಶನ್ನಿನಲ್ಲಿ ಹೊಡೆದುಹಾಕಿದ ಸಾಲುಗಳು

ಉಪ್ಪಿನಕಾಯಿ ವ್ಯಾಪಾರದಲ್ಲಿ ಚೌಕಾಸಿ ಮಾಡದವನು ಬದುಕುವುದಿಲ್ಲ. ಅಪ್ಪೆಮಿಡಿ ಸಿಗುವುದು ಬೇಸಿಗೆಯ ಕೆಲವೇ ವಾರ. ನೂರರ ಲೆಕ್ಕದಲ್ಲಿ ಮಿಡಿ ಎಣಿಸಿಕೊಳ್ಳುವಾಗ ಮರ ಹತ್ತಿ ಕೊಯ್ದು ತಂದವನ ಜೊತೆ ಒಂದಿಷ್ಟು ಜಗ್ಗಾಟ ನಡೆಯಲೇಬೇಕು. ಸಾಗರದಲ್ಲಿ ಅಪ್ಪನ ಕಾಲದಿಂದ ನಮ್ಮ ಮನೆಯ ವ್ಯಾಪಾರ ಹೀಗೇ ನಡೆದುಬಂದಿದೆ. ಹಾಗಾಗಿ ವೆಬ್‌ಸೈಟ್ ಮಾಡಿಸಬೇಕೆಂದು ಹೊರಟು, ಶಿವಮೊಗ್ಗದ ಒಬ್ಬ ಹೆಣ್ಣುಮಗಳಿಂದ 60 ಸಾವಿರ ರೂಪಾಯಿಯ ಕೊಟೇಶನ್ ಬಂದಾಗ ನಾನು ಮೊದಲು ಹುಡುಕಿದ್ದು ಪೆನ್ನನ್ನು.

‘ಬರಹ ಸಿದ್ಧಪಡಿಸುವುದು’ ಎಂಬ ಸಾಲಿತ್ತು. ನಮ್ಮ ಉಪ್ಪಿನಕಾಯಿಯ ಬಗ್ಗೆ ನನಗಿಂತ ಇವಳಿಗೇನು ಗೊತ್ತು? ಹೊಡೆದುಹಾಕಿದೆ. ಫೋಟೋ ತೆಗೆಯಲು ಒಂದು ದಿನ. ಮಗನ ಹತ್ತಿರ ಒಳ್ಳೆ ಫೋನಿದೆಯಲ್ಲ, ಅದೂ ಹೋಯಿತು. ಕಡಿಮೆ ಬೆಲೆಯ ಮೊಬೈಲುಗಳಲ್ಲಿ ಪರೀಕ್ಷೆ, ಒಂದು ವರ್ಷದ ನಿರ್ವಹಣೆ, ನಮಗೆ ತರಬೇತಿ ಎಂಬ ಸಾಲುಗಳಂತೂ ದುಡ್ಡು ಕೀಳಲೆಂದೇ ಹಾಕಿದವು ಅನ್ನಿಸಿತು. ಇಷ್ಟೆಲ್ಲ ಕಳೆದು ಉಳಿದ ಮೊತ್ತ ಹೇಳಿದಾಗ ಆಕೆ, “ಇಷ್ಟು ತೆಗೆದ್ರೆ ಉಳಿಯೋ ಕೆಲಸಕ್ಕೆ ನಾನು ಜವಾಬ್ದಾರಿ ತಗೊಳ್ಳೋಕೆ ಆಗಲ್ಲ ಸರ್” ಅಂದಳು. ಈಗಿನ ಹುಡುಗರಿಗೆ ಎಷ್ಟು ಸೊಕ್ಕು ಎಂದುಕೊಂಡೆ.

ಪರಿಚಯದವರ ಮೂಲಕ ಬಂದ ಇನ್ನೊಬ್ಬ ಹುಡುಗ 15 ಸಾವಿರಕ್ಕೆ ಒಪ್ಪಿದ. ನಾನು ಹೇಳಿದ ರೇಟಿಗೆ, ಮರುಮಾತಿಲ್ಲದೆ. ಕೇಳಿದ ಬೆಲೆಗೆ ಎರಡು ಮಾತಾಡದೆ ಕೊಡುವವನ ಮಿಡಿಯನ್ನು ನಾನು ಒಡೆದು ನೋಡದೆ ಕೊಳ್ಳುವುದಿಲ್ಲ. ಅವತ್ತು ಮಾತ್ರ ಗೆದ್ದೆ ಎಂದು ಬೀಗಿ, ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

ಸೈಟು ಬೇಗನೇ ಬಂತು. ನೋಡಲು ಚೆನ್ನಾಗಿಯೇ ಇತ್ತು, ಅದೇ ತೊಂದರೆ. ಮೇಲ್ಗಡೆ ದೊಡ್ಡದಾಗಿ ಕಾಣುತ್ತಿದ್ದ ಚಿತ್ರ ನಮ್ಮ ಮಿಡಿಯದ್ದಲ್ಲ, ಆಂಧ್ರದ ಆವಕಾಯಿಯದ್ದು. ಓಟೆ ಸಮೇತ ಕತ್ತರಿಸಿದ ಹೋಳು, ಮೇಲೆ ಕೆಂಪು ಎಣ್ಣೆ. ಅಪ್ಪೆಮಿಡಿಯೆಂದರೆ ತೊಟ್ಟಿರುವ ಎಳೆ ಕಾಯಿಯನ್ನು ಇಡಿಯಾಗಿ ಉಪ್ಪಿನಲ್ಲಿ ಹಾಕಿ, ಸುಕ್ಕು ಬಿದ್ದ ಮೇಲೆ ಸಾಸಿವೆ ಖಾರ ಬೆರೆಸುವಂಥದ್ದು. ಇದನ್ನು ಬೆಂಗಳೂರಿನಲ್ಲಿ, ಪುಣೆಯಲ್ಲಿ ಕೂತು ಹುಡುಕುವವರು ಮಲೆನಾಡಿನಿಂದ ಹೋದವರೇ. ಅವರು ಚಿತ್ರ ನೋಡಿದ ಕೂಡಲೇ ಇವನ್ಯಾರೋ ಮಧ್ಯವರ್ತಿ ಎಂದು ಮುಂದೆ ಹೋಗುತ್ತಿದ್ದರು. ಒಬ್ಬರು ಫೋನ್ ಮಾಡಿ ಕೇಳಿಯೇಬಿಟ್ಟರು: “ಜೀರಿಗೆ ಪರಿಮಳದ್ದೋ, ಅನಂತಭಟ್ಟನ ಅಪ್ಪೆಯೋ? ಅಥವಾ ಆ ಫೋಟೋದಲ್ಲಿರೋದನ್ನೇ ಕಳಿಸ್ತೀರೋ?” ಯಾವ ಮರದ, ಯಾವ ಹೊಳೆಬದಿಯ ಮಿಡಿ ಎಂಬುದೇ ಈ ವ್ಯಾಪಾರದ ಜೀವ. ಸೈಟಿನಲ್ಲಿ ಆ ಬಗ್ಗೆ ಒಂದಕ್ಷರ ಇರಲಿಲ್ಲ. ಗೊತ್ತಿದ್ದದ್ದು ನನಗೆ. ನಾನು ಬರೆದುಕೊಟ್ಟಿರಲಿಲ್ಲ, ಅವನು ಕೇಳಿರಲಿಲ್ಲ.

ಕನ್ನಡದ್ದು ಬೇರೆಯೇ ಕತೆ. ಊರಿನ ಪ್ರೆಸ್ಸಿನಲ್ಲಿ ಹಿಂದೆ ಮಾಡಿಸಿದ ಕರಪತ್ರದ ಫೈಲನ್ನು ಹುಡುಗನಿಗೆ ಕೊಟ್ಟಿದ್ದೆ. ಅದು ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಾಗಿತ್ತು. ಆ ಫಾಂಟ್ ಇಲ್ಲದ ಕಡೆ ಅಂಟಿಸಿದರೆ ಕನ್ನಡ ಹೋಗಿ, ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಕೊಂಬು ಮೂಡಿದ ‘ಎ’ಗಳ ಸಾಲು ಬರುತ್ತದೆ. ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಯಾರಾದರೂ ಕೂತು ಒತ್ತಕ್ಷರಗಳನ್ನು ಒಮ್ಮೆ ತಿದ್ದಬೇಕು, ಅಷ್ಟೇ. ಅವನಿಗೆ ಅಷ್ಟು ಪುರಸೊತ್ತಿರಲಿಲ್ಲ, 15 ಸಾವಿರದಲ್ಲಿ ಇರಬೇಕಾಗಿಯೂ ಇರಲಿಲ್ಲ. ಕರಪತ್ರವನ್ನೇ ಫೋಟೋ ಹೊಡೆದು ಹಾಕಿದ. ಹುಡುಕುವ ಯಂತ್ರದ ಕಣ್ಣಿಗೆ ಅದು ಬರೀ ಒಂದು ಚಿತ್ರ. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಕನ್ನಡದಲ್ಲಿ ಟೈಪಿಸಿದವರಿಗೆ ನಾವು ಸಿಗಲೇ ಇಲ್ಲ. ಚಿತ್ರಗಳೆಲ್ಲ ಕ್ಯಾಮೆರಾದಿಂದ ಬಂದ ಗಾತ್ರದಲ್ಲೇ ಇದ್ದುದರಿಂದ ಹೊಸನಗರದ ಕಡೆ, ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವ ನಮ್ಮ ನೆಂಟರಿಗೆ ಸೈಟು ತೆರೆದುಕೊಂಡದ್ದೇ ಇಲ್ಲ.

ಹಣ ಕಟ್ಟಿಸಿಕೊಳ್ಳುವ ಗೇಟ್‌ವೇಗೆ ಅರ್ಜಿ ಹಾಕಿದರೆ ಅಲ್ಲೂ ತಕರಾರು. ಹಣ ವಾಪಸಾತಿ, ಖಾಸಗಿತನ, ವಿತರಣೆಯ ನಿಯಮಗಳು ಸೈಟಿನಲ್ಲಿ ಇರಲೇಬೇಕು. ಹುಡುಗ ಎಲ್ಲಿಂದಲೋ ಎತ್ತಿ ಅಂಟಿಸಿದ ನಿಯಮಗಳ ಪ್ರಕಾರ ನಮ್ಮ ಗಿರಾಕಿಗಳ ವ್ಯಾಜ್ಯಗಳೆಲ್ಲ ದೆಹಲಿಯ ನ್ಯಾಯಾಲಯದಲ್ಲಿ ಇತ್ಯರ್ಥವಾಗಬೇಕಿತ್ತು! ಗೇಟ್‌ವೇ ಕಮಿಷನ್ನನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ. ಅಂದರೆ 500 ರೂಪಾಯಿಯ ಆರ್ಡರಿಗೆ 11 ರೂಪಾಯಿ 80 ಪೈಸೆ. ಸಣ್ಣ ಮೊತ್ತವೇ. ಆದರೆ ಒಂದು ಬಾಟಲಿಯಲ್ಲಿ 60 ರೂಪಾಯಿ ಉಳಿಸುವವನು ಇದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕಿತ್ತು.

ಇಷ್ಟಾದರೂ ಸೈಟೊಂದು ಇದೆಯಲ್ಲ ಎಂಬ ಸಮಾಧಾನದಲ್ಲಿ ಐದು ಸಾವಿರ ಲೇಬಲ್ ಅಚ್ಚು ಹಾಕಿಸಿದೆ. ವಿಳಾಸವೂ ಇತ್ತು, ಕ್ಯೂಆರ್ ಕೋಡೂ ಇತ್ತು.

ಡೊಮೇನ್ ಹೆಸರು ನನ್ನದಲ್ಲ ಎಂದು ತಿಳಿದದ್ದು ಆಮೇಲೆ. ಹುಡುಗ ಅದನ್ನು ತನ್ನ ಇಮೇಲಿನಲ್ಲಿ, ತನ್ನ ಖಾತೆಯಲ್ಲಿ ನೋಂದಾಯಿಸಿದ್ದ. ಮೋಸದ ಉದ್ದೇಶ ಇತ್ತೆಂದು ಈಗಲೂ ನನಗನ್ನಿಸುವುದಿಲ್ಲ, ಅದು ಅವನಿಗೆ ಸುಲಭವಾಗಿತ್ತು ಅಷ್ಟೇ. ಅವನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು, ನಂಬರ್ ಬದಲಾಯಿತು. ನವೀಕರಣದ ನೆನಪೋಲೆಗಳೆಲ್ಲ ಅವನ ಹಳೆಯ ಇಮೇಲಿಗೆ ಹೋಗಿ ಬಿದ್ದವು. ಡಾಟ್ ಕಾಂ ಹೆಸರುಗಳ ಅವಧಿ ಮುಗಿದ ಮೇಲೂ ಸಾಮಾನ್ಯವಾಗಿ ಕೆಲವು ವಾರ ಮಾಮೂಲಿ ದರಕ್ಕೇ ಉಳಿಸಿಕೊಳ್ಳಬಹುದು. ಅದು ದಾಟಿದರೆ 30 ದಿನಗಳ ಕಾಲಾವಕಾಶ ಉಂಟು, ಆದರೆ ದಂಡ ಹಲವು ಪಟ್ಟು. ಕೊನೆಗೆ 5 ದಿನ ಕಾದು ಹೆಸರನ್ನು ಯಾರಿಗೆ ಬೇಕಾದರೂ ಬಿಟ್ಟುಬಿಡುತ್ತಾರೆ. ಇವಿಷ್ಟೂ ಹಂತಗಳು ಮುಗಿಯುವವರೆಗೆ ನಾನು ಮಿಡಿಗೆ ಉಪ್ಪು ಹಾಕಿಕೊಂಡು ನಿಶ್ಚಿಂತೆಯಾಗಿದ್ದೆ.

ಎಚ್ಚರಿಸಿದ್ದು ತೀರ್ಥಹಳ್ಳಿಯ ಒಬ್ಬರು ಅಮ್ಮ, ನಮ್ಮ ಹಳೆಯ ಗಿರಾಕಿ. “ಎಂತದು ಮಾರಾಯ್ರೇ, ನಿಮ್ಮ ಉಪ್ಪಿನಕಾಯಿ ಬಾಟ್ಲಿಗೆ ಫೋನ್ ಹಿಡಿದ್ರೆ ರಮ್ಮಿ ಆಟ ಬರ್ತದಲ್ಲ! ಮೊಮ್ಮಗ ಆಡ್ಲಿಕ್ಕೆ ಶುರು ಮಾಡಿದಾನೆ.” ಜನ ಬರುತ್ತಿದ್ದ ಹೆಸರೆಂದು ಯಾರೋ ಜೂಜಿನವರು ಅದನ್ನು ಕೊಂಡಿದ್ದರು. ಉಳಿದಿದ್ದ ಲೇಬಲ್ಲುಗಳನ್ನು ಬಚ್ಚಲ ಒಲೆಗೆ ಹಾಕಿದೆವು. ಮಾರಾಟವಾಗಿ ಹೋದ ಬಾಟಲಿಗಳಿಗೆ ಏನು ಮಾಡುವುದು?

ಸಂಕೋಚದಿಂದಲೇ ಶಿವಮೊಗ್ಗಕ್ಕೆ ಹೋದೆ. ಆಕೆ ಹಳೆಯ ಸೈಟಿನ ಬ್ಯಾಕಪ್ ಬಿಚ್ಚಿ ನೋಡಿ, ಥೀಮು ಕಳ್ಳ ಪ್ರತಿ ಎಂದಳು. ದುಡ್ಡು ಕೊಟ್ಟು ಕೊಳ್ಳಬೇಕಾದ್ದನ್ನು ಬೀಗ ಒಡೆದು ಪುಕ್ಕಟೆ ಹಂಚುವವರಿದ್ದಾರೆ, ಹಂಚುವಾಗ ಒಳಗೆ ತಮ್ಮ ಬಾಗಿಲೊಂದನ್ನು ಇಟ್ಟಿರುತ್ತಾರೆ. ಹೆಸರು ಕೈತಪ್ಪದಿದ್ದರೂ ಸೈಟು ಬಹಳ ದಿನ ಬಾಳುತ್ತಿರಲಿಲ್ಲವಂತೆ. ಭದ್ರತಾ ಪ್ರಮಾಣಪತ್ರಕ್ಕೆಂದು ನಾನು ಬೇರೆ 2,500 ರೂಪಾಯಿ ಕೊಟ್ಟಿದ್ದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ ಎಂದು ತಿಳಿದು ತಲೆ ಚಚ್ಚಿಕೊಂಡೆ. ಸೈಟು ಕಟ್ಟಿದ ವರ್ಡ್‌ಪ್ರೆಸ್ ಕೂಡ 2003ರಲ್ಲಿ ಹುಟ್ಟಿದಾಗಿನಿಂದ ಉಚಿತ.

“ಎಲ್ಲಾ ಉಚಿತ ಅಂದ್ರೆ ನಿನ್ನ 60 ಸಾವಿರ ಯಾವುದಕ್ಕಮ್ಮ?” ಎಂದು ಕೇಳಿದೆ. ಈ ಸಲ ಚೌಕಾಸಿಗಲ್ಲ.

ಆಕೆ ತನ್ನ ಸಮಯದ ಲೆಕ್ಕ ಬಿಚ್ಚಿಟ್ಟಳು. ಬಣ್ಣ, ಅಕ್ಷರ, ಪುಟದ ಆಕಾರಗಳಿಗೆ ಹೋಗುವುದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ನಮ್ಮಂಥವರ ಬಾಯಿಂದ ವಿಷಯ ಹೊರಡಿಸಲು, ಅದನ್ನು ಓದುವಂತೆ ಬರೆಯಲು, ಚಿತ್ರಗಳನ್ನು ಹಗುರ ಮಾಡಲು, ಅಗ್ಗದ ಫೋನಿನಲ್ಲಿ ಕುಂಟು ನೆಟ್‌ವರ್ಕ್ ಹಿಡಿದು ನೋಡಲು, ಆಮೇಲೆ ತಿಂಗಳು ತಿಂಗಳು ಪ್ಲಗಿನ್ ಹೊಸದು ಮಾಡಲು. ನಾನು ಕಾಟು ಹಾಕಿದ್ದು ಸರಿಯಾಗಿ ಇವನ್ನೇ. ಉಳಿಸಿಕೊಂಡದ್ದು ಚಂದವನ್ನು ಮಾತ್ರ.

“ಸರ್, ಅಷ್ಟಕ್ಕೂ ನಿಮಗೆ ಸೈಟು ಈಗಲೇ ಬೇಕಾ?” ಎಂದಳು. ಕೆಲಸ ಬೇಕಾದವಳ ಬಾಯಲ್ಲಿ ಈ ಮಾತು ನಾನು ನಿರೀಕ್ಷಿಸಿರಲಿಲ್ಲ. ಬಾಟಲಿಗೆ 60 ರೂಪಾಯಿ ಉಳಿದರೆ, 60 ಸಾವಿರ ಹುಟ್ಟಲು ಸೈಟಿನಿಂದಲೇ ಸಾವಿರ ಬಾಟಲಿ ಹೆಚ್ಚಿಗೆ ಹೋಗಬೇಕು. ಡೊಮೇನಿಗೆ ವರ್ಷಕ್ಕೆ ಸುಮಾರು ಒಂದು ಸಾವಿರ, ಹೋಸ್ಟಿಂಗಿಗೆ ಕೆಲವು ಸಾವಿರ ಬೇರೆ. ಹೋಸ್ಟಿಂಗ್‌ನವರ ಮೊದಲ ವರ್ಷದ ಆಫರ್ ನೋಡಿ ಮರುಳಾಗಬಾರದು, ನವೀಕರಣದ ದರ ಅದರ ಎರಡು ಮೂರು ಪಟ್ಟಾದರೂ ಆಶ್ಚರ್ಯವಿಲ್ಲ. ಅಷ್ಟು ಮಾರಾಟ ಕಾಣುವವರೆಗೆ ವಾಟ್ಸ್‌ಆ್ಯಪ್ ಬಿಸಿನೆಸ್ಸಿನ ಕ್ಯಾಟಲಾಗು, ಗೂಗಲ್ ನಕ್ಷೆಯಲ್ಲಿ ಅಂಗಡಿಯ ಗುರುತು ಸಾಕು ಎಂದಳು. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಎಲ್ಲ ಸಣ್ಣ ವ್ಯಾಪಾರಿಗೂ ವೆಬ್‌ಸೈಟ್ ಬೇಕೇ ಬೇಕು ಎನ್ನುವವರ ಮೇಲೆ ನನಗೀಗ ಅನುಮಾನ ಬರುತ್ತದೆ. ಬೇಕಾದವರು ಮಾತ್ರ ಅರ್ಧ ದುಡ್ಡಿಗೆ ಮಾಡಿಸಲು ಹೋಗಬಾರದು.

ಮೊದಲು ಡೊಮೇನ್ ಕೊಂಡೆ, ನನ್ನ ಇಮೇಲಿನಲ್ಲಿ, ನನ್ನ ಕಾರ್ಡಿನಿಂದ. ಪಾಸ್‌ವರ್ಡು ಹೆಂಡತಿಯ ಲೆಕ್ಕದ ಪುಸ್ತಕದಲ್ಲಿದೆ. ಒಂದು ಹಂಗಾಮು ವಾಟ್ಸ್‌ಆ್ಯಪ್‌ನಲ್ಲೇ ತಳ್ಳಿ, ಮಾರನೆಯ ವರ್ಷ ಮಿಡಿ ಬಂದ ವಾರವೇ ಆಕೆಯನ್ನು ಕರೆಸಿ ಫೋಟೋ ತೆಗೆಸಿದೆವು. ಐದೇ ಪುಟದ ಸೈಟು. ಬರೆಯುವ ಮೊದಲು ಆಕೆ ನನ್ನ ಹೆಂಡತಿಯನ್ನು ಕೂರಿಸಿಕೊಂಡು, ಜನ ಫೋನ್ ಮಾಡಿ ಏನೇನು ಕೇಳುತ್ತಾರೆ ಎಂದು ಒಂದು ಮಧ್ಯಾಹ್ನವಿಡೀ ಬರೆದುಕೊಂಡಳು. ಎಷ್ಟು ದಿನ ಇಡಬಹುದು, ಬಾಟಲಿ ಒಡೆದರೆ ಏನು, ಈ ಸಲ ಯಾವ ಮರದ್ದು, ಅಮೆರಿಕಕ್ಕೆ ಕಳಿಸುತ್ತೀರಾ. ಸಾವಿರ ಬಾಟಲಿಯ ಲೆಕ್ಕ ಇನ್ನೂ ತುಂಬಿಲ್ಲ, ಈ ಹಂಗಾಮಿನಲ್ಲಿ ತುಂಬುವ ಹಾಗೆ ಕಾಣುತ್ತದೆ. ಅಮೆರಿಕಕ್ಕೆ ಸದ್ಯ ಕಳಿಸುವುದಿಲ್ಲ, ಉಪ್ಪಿನಕಾಯಿಗಿಂತ ಕೊರಿಯರ್ ದುಬಾರಿ ಎಂದು ಪುಟದಲ್ಲೇ ಬರೆದುಬಿಟ್ಟದ್ದರಿಂದ ರಾತ್ರಿ ಬರುತ್ತಿದ್ದ ಫೋನುಗಳು ಅರ್ಧಕ್ಕರ್ಧ ನಿಂತಿವೆ.